ಹಳೆ ಮರದ ಸಾಮಾನಿಗೆ ಹೊಡೆದ ಬಣ್ಣ ಕೈಕೊಟ್ಟರೆ: ದೋಷ ಯಾವ ಪದರದಲ್ಲಿದೆ ಅಂತ ಹುಡುಕುವ ಬಗೆ

ಬಣ್ಣ ಹೊಡೆದು 4 ದಿನ ಆಗಿದೆ, ಬೆರಳಿಟ್ಟರೆ ಇನ್ನೂ ಅಂಟುತ್ತದೆ. ಅಥವಾ ಮಾರಿದ 2 ತಿಂಗಳಿಗೆ ಗಿರಾಕಿ ಫೋನ್ ಮಾಡಿ, "ಅಕ್ಕಾ, ಬಣ್ಣ ಚಕ್ಕೆ ಚಕ್ಕೆಯಾಗಿ ಏಳ್ತಾ ಇದೆ" ಅನ್ನುತ್ತಾರೆ. ಇಂಥ ಹೊತ್ತಿನಲ್ಲಿ ನಮ್ಮ ಕೈ ಮೊದಲು ಹೋಗುವುದು ಬಣ್ಣದ ಡಬ್ಬಿಗೆ. ಇನ್ನೊಂದು ಕೋಟು ಹೊಡೆದರೆ ಸರಿ ಹೋಗುತ್ತೆ ಅನ್ನಿಸುತ್ತದೆ. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಒಂದು ಸಲವೂ ಸರಿ ಹೋಗಿಲ್ಲ.

ಮೈಸೂರಿನಲ್ಲಿ ಮನೆಯ ಕಾರ್ ಶೆಡ್ಡಿನಲ್ಲೇ ಹಳೆ ಟೇಬಲ್, ಬೀರು, ಈಸಿ ಚೇರು ರಿಪೇರಿ ಮಾಡಿ, ಬಣ್ಣ ಹೊಡೆದು ಮಾರುತ್ತೇನೆ. ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ತಿಳಿದಿರುವ ಸಂಗತಿ ಇದು: ಮೇಲೆ ಕಾಣುವ ದೋಷ ಸಾಮಾನ್ಯವಾಗಿ ಕೆಳಗಿನ ಯಾವುದೋ ಪದರದಲ್ಲಿ ಶುರುವಾಗಿರುತ್ತದೆ. ಹಳೆ ಸಾಮಾನಿನ ವಿಷಯದಲ್ಲಿ ಇದು ಇನ್ನೂ ಜಾಸ್ತಿ ನಿಜ. ಅದರ ಮೈಮೇಲೆ ಯಾರ್ಯಾರು ಏನೇನು ಬಳಿದಿದ್ದಾರೋ ನಮಗೆ ಗೊತ್ತಿರುವುದಿಲ್ಲ ಅಲ್ವಾ. ಅದಕ್ಕೇ ಮೊದಲು ಪದರ ಪತ್ತೆ ಮಾಡಬೇಕು, ಆಮೇಲೆ ಡಬ್ಬಿ ತೆರೆಯಬೇಕು.

ಮೊದಲು ಈ ಮೂರು ಪರೀಕ್ಷೆ

ಬೇಕಾಗಿರುವುದು ಒಂದು ಬ್ಲೇಡು, ಅಂಟುವ ಟೇಪು, ಹತ್ತಿ, ಸ್ವಲ್ಪ ಸ್ಪಿರಿಟ್, ಸ್ವಲ್ಪ ಥಿನ್ನರ್, ನೀರು. ಎಲ್ಲವನ್ನೂ ಕಣ್ಣಿಗೆ ಬೀಳದ ಜಾಗದಲ್ಲಿ ಮಾಡಿ. ಡ್ರಾಯರಿನ ಒಳಬದಿ, ಕಾಲಿನ ಹಿಂಭಾಗ, ಟೇಬಲ್ಲಿನ ಅಡಿ, ಎಲ್ಲಾದರೂ ಆದೀತು.

ಟೇಪಿನ ಪರೀಕ್ಷೆ: ಬಣ್ಣದ ಮೇಲೆ ಬ್ಲೇಡಿನಿಂದ ಅಡ್ಡ ಮೂರು, ಉದ್ದ ಮೂರು ಗೆರೆ ಎಳೆಯಿರಿ. ಟೇಪು ಒತ್ತಿ ಅಂಟಿಸಿ ಝಟ್ಟನೆ ಎಳೆಯಿರಿ. ಕಿತ್ತು ಬಂದ ಚಕ್ಕೆಯ ಬೆನ್ನು ನೋಡಿ. ಇದು ತುಂಬ ಮುಖ್ಯ. ಬೆನ್ನಿನಲ್ಲಿ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳದ ಕೋಟು) ಇದ್ದು, ಕೆಳಗೆ ಮರವೋ ಹಳೆ ಪಾಲಿಶ್ಶೋ ಹೊಳೆಯುತ್ತಾ ಕಂಡರೆ, ಪ್ರೈಮರ್ ಕೆಳಗಿನದನ್ನು ಹಿಡಿದಿಲ್ಲ. ಅಲ್ಲಿ ಎಣ್ಣೆ, ಮೇಣ ಅಥವಾ ಉಜ್ಜದೆ ಬಿಟ್ಟ ಹೊಳಪು ಇದೆ. ಪ್ರೈಮರ್ ಕೆಳಗೇ ಉಳಿದು ಮೇಲಿನ ಬಣ್ಣ ಮಾತ್ರ ಬಂದರೆ, ಎರಡು ಕೋಟಿನ ನಡುವೆ ತಪ್ಪಾಗಿದೆ. ಧೂಳು ಒರೆಸಿಲ್ಲ, ಉಜ್ಜಿಲ್ಲ, ಇಲ್ಲವೇ ತೇವ ಇತ್ತು. ಚಕ್ಕೆಯ ಬೆನ್ನಿಗೆ ಮರದ ನಾರು, ಪುಡಿ ಅಂಟಿಕೊಂಡು ಬಂದರೆ ಬಣ್ಣದ ತಪ್ಪೇ ಅಲ್ಲ. ಮರವೇ ಮೆತ್ತಗಾಗಿದೆ.

ಹತ್ತಿಯ ಪರೀಕ್ಷೆ: ಹಳೆ ಪಾಲಿಶ್ ಯಾವುದು ಅಂತ ತಿಳಿಯಲು ಇದು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಅಂಟಂಟಾಗಿ, ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ನುಣ್ಣಗೆ ಕರಗಿದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಥಿನ್ನರ್ ತಾಗಿದ ಕಡೆ ಉಬ್ಬಿ, ಹಾಲಿನ ಕೆನೆಯ ಹಾಗೆ ಸುಕ್ಕಾದರೆ ಎಣ್ಣೆಯ ಎನಾಮಲ್ ಅಥವಾ ವಾರ್ನಿಷ್. ಯಾವುದಕ್ಕೂ ಬಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್. ಒಂದು ಎಚ್ಚರ: ನಮ್ಮೂರಿನ ಬೀಟೆ ಇನ್‌ಲೇ ಕೆಲಸದ (ಮರದಲ್ಲಿ ಬೇರೆ ಚೂರು ಕೂರಿಸಿ ಚಿತ್ತಾರ ಮಾಡಿದ) ಸಾಮಾನಾದರೆ, ಚಿತ್ತಾರದ ಮೇಲೆ ಥಿನ್ನರ್ ಮುಟ್ಟಿಸಬೇಡಿ. ಈಚಿನ ಇನ್‌ಲೇಯಲ್ಲಿ ಬಿಳಿ ಭಾಗ ಪ್ಲಾಸ್ಟಿಕ್ಕಿನದ್ದಾಗಿರಬಹುದು, ಕರಗಿ ಹೋಗುತ್ತದೆ. ತುಂಬ ಹಳೆಯದಾಗಿದ್ದು ಆನೆ ದಂತ ಅನ್ನಿಸಿದರೆ ಅದನ್ನು ಕೊಳ್ಳಲೂ ಬೇಡಿ, ಮಾರಲೂ ಬೇಡಿ. ದಂತದ ವ್ಯಾಪಾರ ಕಾನೂನಿಗೆ ವಿರುದ್ಧ.

ನೀರಿನ ಹನಿ: ಉಜ್ಜಿದ ಮರದ ಮೇಲೆ ಒಂದು ಹನಿ ನೀರು ಬಿಡಿ. ಹರಡಿ ಇಂಗಿದರೆ ಸರಿ. ಕೆಸುವಿನ ಎಲೆಯ ಮೇಲೆ ಕೂತ ಹಾಗೆ ಗುಂಡಗೆ ಕೂತರೆ ಅಲ್ಲಿ ಎಣ್ಣೆ, ಮೇಣ ಅಥವಾ ಸಿಲಿಕೋನ್ ಇದೆ.

ಚಕ್ಕೆ ಏಳುವುದು

ಮಂಡ್ಯದವರೊಬ್ಬರಿಗೆ ಒಂದು ಈಸಿ ಚೇರು ಮಾರಿದ್ದೆ. ತೇಗದ್ದು, ಉದ್ದ ಕೈ ಇರುವ ಹಳೆ ಕಾಲದ್ದು. ತಿಳಿ ಹಸಿರು ಬಣ್ಣ ಹೊಡೆದಿದ್ದೆ. 2 ತಿಂಗಳಿಗೆ ಫೋಟೊ ಬಂತು. ಕಾಲು, ಪಟ್ಟಿ ಎಲ್ಲ ಚೆನ್ನಾಗಿದೆ. ತಲೆ ಒರಗುವ ಪಟ್ಟಿ ಮತ್ತು ಅಂಗೈ ಊರುವ ತುದಿ, ಇಷ್ಟೇ ಜಾಗದಲ್ಲಿ ಬಣ್ಣ ಸಿಪ್ಪೆಯ ಹಾಗೆ ಎದ್ದಿದೆ.

ಆ ಫೋಟೊವೇ ಉತ್ತರ ಹೇಳಿತ್ತು. ಆ ಕುರ್ಚಿಯಲ್ಲಿ ಯಾರೋ ಹಿರಿಯರು ವರ್ಷಗಟ್ಟಲೆ ಕೂತಿದ್ದಾರೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಒರಗಿದ್ದಾರೆ. ಕೊಬ್ಬರಿ ಎಣ್ಣೆ ಅಗಸೆ ಎಣ್ಣೆಯ ಹಾಗೆ ಒಣಗಿ ಗಟ್ಟಿಯಾಗುವ ಜಾತಿಯಲ್ಲ. ಎಷ್ಟು ವರ್ಷವಾದರೂ ಮರದ ಒಳಗೆ ಎಣ್ಣೆಯಾಗಿಯೇ ಇರುತ್ತದೆ. ನಾನು ಅದರ ಮೇಲೆ ಉಪ್ಪು ಕಾಗದ ಹಾಕಿ ಉಜ್ಜಿದ್ದೆ. ಉಜ್ಜಿದಾಗ ಎಣ್ಣೆ ಹೋಗುವುದಿಲ್ಲ, ಧೂಳಿನ ಜೊತೆ ಇನ್ನಷ್ಟು ಒಳಗೆ ಸೇರುತ್ತದೆ. ಅದೇ ನನ್ನ ತಪ್ಪು.

ಹಾಗಾಗಿ ಚಕ್ಕೆ ಎದ್ದಾಗ ಎಲ್ಲಿ ಎದ್ದಿದೆ ಅಂತ ಮೊದಲು ನೋಡಿ. ಕೈ, ತಲೆ ತಾಗುವ ಕಡೆ ಮಾತ್ರ ಎದ್ದಿದ್ದರೆ ಎಣ್ಣೆ. ದೇವರ ಮಂಟಪದಲ್ಲಿ ದೀಪ ಇಡುವ ಜಾಗದ ಸುತ್ತ ಎದ್ದಿದ್ದರೂ ಎಣ್ಣೆಯೇ. ಅಡುಗೆಮನೆಯ ಶೆಲ್ಫಾದರೆ ಒಗ್ಗರಣೆಯ ಜಿಡ್ಡು. ಕಾಲಿನ ಬುಡದಲ್ಲಿ ಮಾತ್ರ ಎದ್ದಿದ್ದರೆ ನೀರು, ನೆಲ ಒರೆಸುವಾಗ ಕಾಲಿನ ತುದಿಯಿಂದ ಮೇಲೇರಿದ್ದು. ಆ ತುದಿಗೆ ಯಾರೂ ಬಣ್ಣ ಹೊಡೆಯುವುದಿಲ್ಲ. ಸಾಮಾನನ್ನು ಮಗುಚಿ ಅಲ್ಲಿಗೂ ಎರಡು ಕೋಟು ಹೊಡೆಯಿರಿ. ಇಡೀ ಸಾಮಾನಿನ ಮೇಲೆ ಒಂದೇ ಸಮ ಎದ್ದಿದ್ದರೆ ಹಳೆ ಹೊಳಪನ್ನು ಉಜ್ಜಿಲ್ಲ, ಇಲ್ಲವೇ ಮರ ಹಸಿಯಾಗಿತ್ತು.

ಎಣ್ಣೆಯಾದರೆ ಮೊದಲು ತೊಳೆಯುವುದು, ಆಮೇಲೆ ಉಜ್ಜುವುದು. ಈ ಕ್ರಮ ತಪ್ಪಬಾರದು. ಎದ್ದ ಬಣ್ಣ ಕೆರೆದು ತೆಗೆಯಿರಿ. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಭಾಗ ತಿರುಗಿಸಿಕೊಳ್ಳಿ. ಒಂದೇ ಜಿಡ್ಡು ಬಟ್ಟೆಯಲ್ಲಿ ಒರೆಸಿದರೆ ಜಿಡ್ಡನ್ನೇ ಬಳಿದ ಹಾಗೆ. ಆಮೇಲೆ ಸೋಪಿನ ನೀರು, ಆಮೇಲೆ ಬರೀ ನೀರು. ಚೆನ್ನಾಗಿ ಒಣಗಲು ಬಿಡಿ. ನೀರಿನ ಹನಿ ಇಂಗುವ ತನಕ ಇದನ್ನೇ ಮಾಡಿ. ಆ ಈಸಿ ಚೇರಿಗೆ ನಾನು 4 ಸಲ ಮಾಡಬೇಕಾಯಿತು. ಕೊನೆಗೆ 120 ನಂಬರಿನ ಕಾಗದದಲ್ಲಿ, ಅದಾದ ಮೇಲೆ 180ರಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಎರಡು ಕೈ ಕೊಟ್ಟು, ಆಮೇಲೆ ಪ್ರೈಮರ್. ಉಳಿದ ಚೂರುಪಾರು ಎಣ್ಣೆ ಮೇಲೆ ಬರದಂತೆ ಅರಗು ತಡೆಯುತ್ತದೆ.

ಸನ್‌ಮೈಕಾ ಮೇಲಿಂದ ಎದ್ದರೆ ಬೇರೆ ಕಥೆ. ಅದಕ್ಕೆ ಮರದ ಪ್ರೈಮರ್ ಹಿಡಿಯುವುದೇ ಇಲ್ಲ. 180ರಲ್ಲಿ ಹೊಳಪು ಪೂರ್ತಿ ಸಾಯುವಂತೆ ಉಜ್ಜಿ, ನುಣುಪು ಮೇಲ್ಮೈಗೆಂದೇ ಬರುವ ಪ್ರೈಮರ್ ಕೇಳಿ ತನ್ನಿ. ಇಡೀ ಬೀರುವಿಗೆ ಹೊಡೆಯುವ ಮೊದಲು ಅಂಗೈಯಗಲ ಹೊಡೆದು, ಒಂದು ದಿನ ಬಿಟ್ಟು ಟೇಪಿನ ಪರೀಕ್ಷೆ ಮಾಡಿ.

ಹಳೆ ಬಣ್ಣ ಕೆರೆಯುವಾಗ ಇನ್ನೊಂದು ಮಾತು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ, ಅದರಲ್ಲೂ ಗಾಢ ಹಳದಿ, ಕೆಂಪು, ಹಸಿರಿನಲ್ಲಿ ಸೀಸ ಇರಬಹುದು. ಅಂಥದ್ದನ್ನು ಒಣದಾಗಿ ಉಜ್ಜಬೇಡಿ. ನೀರು ಹಾಕಿ ಉಜ್ಜುವ ಕಾಗದ ಸಿಗುತ್ತದೆ, ಅದನ್ನೇ ಬಳಸಿ. ಮಾಸ್ಕ್ ಹಾಕಿ, ಮಕ್ಕಳನ್ನು ಆ ಕಡೆ ಬಿಡಬೇಡಿ, ಕೆಸರನ್ನು ಕಾಗದದಲ್ಲಿ ಒರೆಸಿ ತೆಗೆಯಿರಿ, ಗಿಡದ ಬುಡಕ್ಕೆ ಚೆಲ್ಲಬೇಡಿ. ಮನೆಯಲ್ಲೇ ಈ ಕೆಲಸ ಮಾಡುವವರಿಗೆ ಇದು ಜೀವದ ವಿಷಯ.

ಒಣಗದೆ ಅಂಟಂಟಾಗಿ ಉಳಿಯುವುದು

ಒಂದು ಬೀಟೆ ಮರದ ಟೀಪಾಯಿ ಸಿಕ್ಕಿತ್ತು. ಹಳೆ ಪಾಲಿಶ್ ತೆಗೆದು, ಉಜ್ಜಿ, ವಾರ್ನಿಷ್ ಹೊಡೆದೆ. ಅದೇ ಡಬ್ಬಿಯ ವಾರ್ನಿಷ್ ಅದೇ ದಿನ ತೇಗದ ಸ್ಟೂಲಿಗೂ ಹೊಡೆದಿದ್ದೆ. ಸ್ಟೂಲು ಮಾರನೆಯ ದಿನ ಒಣಗಿತು. ಟೀಪಾಯಿ 12 ದಿನವಾದರೂ ಒಣಗಲಿಲ್ಲ. ಬಿಸಿಲಿಗಿಟ್ಟೆ, ಫ್ಯಾನ್ ಹಾಕಿದೆ, ಏನೂ ಆಗಲಿಲ್ಲ.

ಪರಿಚಯದ ಹಿರಿಯ ಪಾಲಿಶ್ ಮೇಸ್ತ್ರಿಯೊಬ್ಬರನ್ನು ಕರೆದು ತೋರಿಸಿದೆ. ಅವರು ಉಗುರಲ್ಲಿ ಒಂದು ಸಲ ಒತ್ತಿ ನೋಡಿದರು. "ಬೀಟೆ ಮೈಯಾಗೇ ಎಣ್ಣೆ ಐತೆ ಕಣವ್ವ. ಮೊದ್ಲು ಅರಗು ಕುಡಿಸ್ಬೇಕು, ಆಮ್ಯಾಕೆ ವಾರ್ನಿಷ್" ಅಂದರು.

ಅವರು ಹೇಳಿದ್ದರ ಹಿಂದಿನ ಕಾರಣ ಹೀಗಿದೆ. ಎಣ್ಣೆಯ ಬಣ್ಣ, ವಾರ್ನಿಷ್ ಒಣಗುವುದು ಟರ್ಪೆಂಟೈನ್ ಆರಿ ಹೋಗುವುದರಿಂದ ಮಾತ್ರ ಅಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಬೀಟೆಯಲ್ಲಿ ಸಹಜವಾಗಿಯೇ ಇರುವ ಕೆಲವು ಪದಾರ್ಥಗಳು ಈ ಕ್ರಿಯೆಯನ್ನು ತಡೆಯುತ್ತವೆ. ಮರ ಹಾಳಾಗಿಲ್ಲ, ವಾರ್ನಿಷ್ ಕಳಪೆಯಲ್ಲ, ಎರಡಕ್ಕೂ ಹೊಂದುವುದಿಲ್ಲ ಅಷ್ಟೇ. ನಡುವೆ ಅರಗಿನ ತೆಳು ಪದರ ಇಟ್ಟರೆ ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಅರಗು ಒಣಗುವುದು ಸ್ಪಿರಿಟ್ ಆರುವುದರಿಂದ. ಬೀಟೆ ಅದನ್ನು ತಡೆಯಲಾರದು. ನಾನು ಅಂಟು ವಾರ್ನಿಷ್ಷನ್ನೆಲ್ಲ ಟರ್ಪೆಂಟೈನ್‌ನಲ್ಲಿ ಒರೆಸಿ ತೆಗೆದೆ. ಎರಡು ಕೈ ಅರಗು ಕೊಟ್ಟು, 320ರಲ್ಲಿ ಹಗುರವಾಗಿ ಉಜ್ಜಿ, ಮತ್ತೆ ಅದೇ ಡಬ್ಬಿಯ ವಾರ್ನಿಷ್ ಹೊಡೆದೆ. ಮಾರನೆಯ ದಿನ ಒಣಗಿತ್ತು.

ಅರಗಿಗೂ ಮೈಸೂರಿಗೂ ಹಳೆ ನಂಟಿದೆ. ಚುನಾವಣೆಯ ಶಾಯಿಗೆ ಹೆಸರಾದ ಇಲ್ಲಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಅರಗೇ. ಇಷ್ಟೆಲ್ಲ ಕೆಲಸಕ್ಕೆ ಬರುವ ವಸ್ತುವನ್ನು ನಾವು ಹೊಳಪಿಗೆ ಮಾತ್ರ ಅಂದುಕೊಂಡು ಬಿಟ್ಟಿದ್ದೇವೆ ಅಂತ ನನಗೆ ಬೇಸರ.

ಆದರೆ ಅರಗೂ ಕೈಕೊಡುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿಟ್ಟ ಅರಗು ತಿಂಗಳುಗಟ್ಟಲೆ ಇಟ್ಟರೆ ಹಳತಾಗಿ, ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ. ಬಾಟಲಿ ಮೇಲೆ ಕರಗಿಸಿದ ದಿನ ಬರೆಯಿರಿ. ಹಳೆಯದಾದರೆ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ. ಮಾರನೆಯ ದಿನ ಉಗುರು ಊರಿದರೆ ಗುರುತು ಬೀಳುತ್ತದೆಯೇ ನೋಡಿ. ಬಿದ್ದರೆ ಅದನ್ನು ಚೆಲ್ಲುವುದೇ ಸರಿ.

ಮರ ಬೀಟೆಯಲ್ಲದಿದ್ದರೆ ಅಂಟಿಗೆ ಬೇರೆ ಕಾರಣ ಹುಡುಕಿ. ಟರ್ಪೆಂಟೈನ್ ಬದಲು ಸೀಮೆಎಣ್ಣೆ ಬೆರೆಸಿದ್ದೀರಾ? ಅದು ನಿಧಾನವಾಗಿ ಆರುತ್ತದೆ, ಜಿಡ್ಡು ಬಿಡುತ್ತದೆ. ದಪ್ಪಗೆ ಹೊಡೆದಿದ್ದೀರಾ? ಮೇಲೆ ಚರ್ಮದಂತೆ ಕಟ್ಟಿಕೊಂಡು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಧೂಳು ಬೀಳದಿರಲಿ ಅಂತ ಪ್ಲಾಸ್ಟಿಕ್ ಹೊದಿಸಿದ್ದೀರಾ, ಶೆಡ್ಡಿನ ಬಾಗಿಲು ಮುಚ್ಚಿದ್ದೀರಾ? ಗಾಳಿ ಸಿಗದೆ ಒಣಗುವುದು ಹೇಗೆ? ಕಿಟಕಿ ತೆಗೆದು 3-4 ದಿನ ಕಾಯಿರಿ. ಆಗಲೂ ಉಗುರಿನ ಗುರುತು ಬಿದ್ದರೆ ಕೆರೆದು ತೆಗೆಯದೆ ದಾರಿಯಿಲ್ಲ. ಅಂಟಿನ ಮೇಲೆ ಇನ್ನೊಂದು ಕೋಟು ಮಾತ್ರ ಬೇಡ.

ವಾರ್ನಿಷ್, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸೇರಿ ತಾನೇ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಪಾಲಿಶ್ ಮೇಲೆ ಬಿಳಿ ಮಂಜು

ಮೈಸೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಜೋರು. ದಸರಾ ಆರ್ಡರು ಬರುವುದೂ ಆಗಲೇ. ಮಧ್ಯಾಹ್ನ ಮೋಡ ಕವಿದ ಹೊತ್ತಲ್ಲಿ ಫ್ರೆಂಚ್ ಪಾಲಿಶ್ಶೋ ಎನ್‌ಸಿ ಲ್ಯಾಕರ್ರೋ ಹೊಡೆದರೆ, ನೋಡುತ್ತಿದ್ದ ಹಾಗೇ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಕಟ್ಟುತ್ತದೆ. ಸ್ಪಿರಿಟ್, ಥಿನ್ನರ್ ಬೇಗ ಆರುತ್ತವೆ. ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಹನಿಗಟ್ಟಿ ಪಾಲಿಶ್ಶಿನೊಳಗೆ ಸಿಕ್ಕಿಕೊಳ್ಳುತ್ತದೆ.

ಗಾಬರಿ ಬೇಡ, ಕೆರೆಯುವುದೂ ಬೇಡ. ಬಿಸಿಲು ಬಂದ ದಿನ, ಬೆಳಿಗ್ಗೆ 11ರ ನಂತರ, ಅರಗಿನ ಪಾಲಿಶ್ಶಾದರೆ ಸ್ಪಿರಿಟ್ ಸ್ವಲ್ಪವೇ ಹಾಕಿ ಹಿಂಡಿದ ಬಟ್ಟೆಯನ್ನು ಹಗುರವಾಗಿ ಒಂದೇ ದಿಕ್ಕಿಗೆ ಎಳೆಯಿರಿ. ಪದರ ಸ್ವಲ್ಪ ಕರಗಿ, ತೇವ ಹೊರಹೋಗಿ, ಬಿಳಿ ಮಾಯವಾಗುತ್ತದೆ. ಒಂದೇ ಕಡೆ ತಿಕ್ಕಿದರೆ ಪಾಲಿಶ್ಶೇ ಕಿತ್ತು ಬರುತ್ತದೆ. ಎನ್‌ಸಿ ಆದರೆ ನಿಧಾನವಾಗಿ ಆರುವ ಥಿನ್ನರ್ ಅಂಗಡಿಯಲ್ಲಿ ಸಿಗುತ್ತದೆ. ಮಂಜು ಕಟ್ಟದ ಥಿನ್ನರ್ ಅಂತ ಕೇಳಿ. ಅದನ್ನು ತೆಳ್ಳಗೆ ಸ್ಪ್ರೇ ಮಾಡಿದರೆ ಸಾಕು.

ಟೇಬಲ್ ಮೇಲೆ ಬಿಸಿ ಕಾಫಿ ಲೋಟ ಇಟ್ಟ ಬಿಳಿ ಉಂಗುರವೂ ಹೆಚ್ಚುಕಡಿಮೆ ಇದೇ ದೋಷ, ತೇವ ಪಾಲಿಶ್ಶಿನಲ್ಲಿದೆ. ಉಂಗುರ ಕಪ್ಪಗಿದ್ದರೆ ಮಾತ್ರ ಅದು ಮರಕ್ಕೇ ಇಳಿದಿದೆ. ನೀರಿನ ಜೊತೆ ಕಬ್ಬಿಣ ಸೇರಿ ಮರದ ಒಗರಿನೊಡನೆ ಕಪ್ಪಾಗಿರುತ್ತದೆ. ಪಾಲಿಶ್ ತೆಗೆದು ಆಕ್ಸಾಲಿಕ್ ಆಮ್ಲದ ನೀರು ಹಚ್ಚಿ ತೊಳೆದರೆ ಹೋಗುತ್ತದೆ. ಅದು ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ.

ಬಿಳಿ ಬಣ್ಣ ಹಳದಿಯಾಗುವುದು

ಬಿಳಿ, ಕೆನೆ ಬಣ್ಣಕ್ಕೆ ಈಗ ಬೇಡಿಕೆ ಜಾಸ್ತಿ. ಹೊಡೆದ ವಾರದೊಳಗೆ ಹಳದಿ, ಗುಲಾಬಿ ಮಚ್ಚೆ ಕಂಡರೆ ಮರವೇ ಬಣ್ಣ ಬಿಡುತ್ತಿದೆ. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟರೆ ನೀರಿನ ಬಣ್ಣ ಬದಲಾಗುತ್ತದಲ್ಲ, ಅದೇ ಹೊನ್ನೆ ನಿಮ್ಮ ಬೀರುವಿನಲ್ಲೂ ಇರಬಹುದು. ಹಲಸಿನ ಮರವೂ ಹೀಗೇ ಹಳದಿ ಬಿಡುತ್ತದೆ. ಕೆಂಪು ಕಂಡರೆ ಹೆಚ್ಚಾಗಿ ಹಿಂದಿನವರು ಬೀಟೆ ಥರ ಕಾಣಲಿ ಅಂತ ಹಚ್ಚಿದ ರಂಗು.

ಮೊದಲೇ ತಿಳಿಯಲು ಒದ್ದೆ ಬಿಳಿ ಬಟ್ಟೆಯನ್ನು ಉಜ್ಜಿದ ಮರದ ಮೇಲೆ ಅರ್ಧ ಗಂಟೆ ಹಾಸಿಡಿ. ಇನ್ನೊಂದು ಕಡೆ ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಬಣ್ಣ ಹತ್ತಿದರೆ ನಿಮ್ಮ ಪೇಂಟಿಗೂ ಹತ್ತುತ್ತದೆ. ಒಂದು ಹಲಸಿನ ಮಂಚಕ್ಕೆ ನಾನು 5 ಕೋಟು ಬಿಳಿ ಹೊಡೆದು ಸೋತೆ. ಎಲ್ಲ ಕೋಟನ್ನೂ ದಾಟಿ ಹಳದಿ ಮೇಲೆ ಬಂತು. ಕೊನೆಗೆ ಉಜ್ಜಿ, ಅರಗು ಎರಡು ಕೈ ಕೊಟ್ಟು, ಮೇಲೆ ಎರಡೇ ಕೋಟು ಬಿಳಿ ಹೊಡೆದೆ, ನಿಂತಿತು. ಇಲ್ಲಿಗೆ ಮೇಣ ತೆಗೆದ ಅರಗು ಬೇಕು. ಮೇಣವಿರುವ ಅರಗಿನ ಮೇಲೆ ಕೆಲವು ಬಣ್ಣ, ಅದರಲ್ಲೂ ಪಿಯು, ಸರಿಯಾಗಿ ಹಿಡಿಯುವುದಿಲ್ಲ.

ಉಳಿದವು

ಸುಕ್ಕು: ಹಳೆ ಎನಾಮಲ್ ಮೇಲೆ ಎನ್‌ಸಿ ಅಥವಾ ಡ್ಯೂಕೊ (ಥಿನ್ನರ್ ಬೆರೆಸಿ ಸ್ಪ್ರೇ ಮಾಡುವ ಬಣ್ಣ) ಹೊಡೆದಿದ್ದೀರಿ, ಥಿನ್ನರ್ ಕೆಳಗಿನದನ್ನು ಎಬ್ಬಿಸಿದೆ. ಅಥವಾ ಮೊದಲ ಕೋಟು ಅರೆ ಒಣಗಿದ್ದಾಗಲೇ ಎರಡನೆಯದು ಹೊಡೆದಿದ್ದೀರಿ. ಪೂರ್ತಿ ಗಟ್ಟಿಯಾಗಲು ಬಿಟ್ಟು, ಉಜ್ಜಿ, ಎನಾಮಲ್ ಮೇಲೆ ಎನಾಮಲ್ಲನ್ನೇ ಹೊಡೆಯಿರಿ.

ಮೀನಿನ ಕಣ್ಣಿನಂಥ ಗುಳಿಗಳು: ಹಿಂದಿನವರು ಸಿಲಿಕೋನ್ ಇರುವ ಫರ್ನಿಚರ್ ಸ್ಪ್ರೇ ಬಳಸಿದ್ದಾರೆ. ಹಸಿಯಿರುವಾಗಲೇ ಒರೆಸಿ ತೆಗೆದು, ಟರ್ಪೆಂಟೈನ್‌ನಲ್ಲಿ ಹಲವು ಸಲ ತೊಳೆದು, ಅರಗಿನ ಕೋಟು ಕೊಟ್ಟು ಮತ್ತೆ ಶುರು ಮಾಡಿ.

ಬಣ್ಣ ಹೊಡೆದ ಮೇಲೆ ಕೆಳಗೆ ಹಿಟ್ಟಿನಂಥ ಪುಡಿ: ಕುಟ್ಟೆ ಹುಳ ಇನ್ನೂ ಒಳಗಿದೆ. ಸಾಮಾನು ತಂದ ದಿನವೇ ಅಡಿಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಪುಡಿ ಬಿದ್ದರೆ ಮೊದಲು ತೂತುಗಳಿಗೆ ಸಿರಿಂಜಿನಿಂದ ಔಷಧಿ ಹಾಕಿ. ಬಣ್ಣ ತೂತು ಮುಚ್ಚಿಬಿಟ್ಟರೆ ಔಷಧಿ ಒಳಗೆ ಹೋಗುವ ದಾರಿಯೂ ಮುಚ್ಚುತ್ತದೆ. ಬೇರೆ ಸಾಮಾನಿನಿಂದ ಇದನ್ನು ದೂರ ಇಡಿ.

ಒಣಗಿದ ಮೇಲೂ ಅಂಟಿಕೊಳ್ಳುವುದು

ಒಂದು ವರ್ಷ ನವರಾತ್ರಿಗೆ 4 ದಿನ ಮುಂಚೆ ಗಿರಾಕಿಯೊಬ್ಬರ ಬೊಂಬೆ ಮೆಟ್ಟಿಲಿಗೆ ಕೆಂಪು ಎನಾಮಲ್ ಹೊಡೆದು ಕೊಟ್ಟೆ. ಮುಟ್ಟಿದರೆ ಚೆನ್ನಾಗಿ ಒಣಗಿತ್ತು. ಅವರು ಬಿಳಿ ಪಂಚೆ ಹಾಸಿ, ಪಟ್ಟದ ಬೊಂಬೆಯಿಂದ ಹಿಡಿದು ಎಲ್ಲವನ್ನೂ ಕೂರಿಸಿದರು. ವಿಜಯದಶಮಿ ಕಳೆದು ಬೊಂಬೆ ಎತ್ತುವಾಗ ಪಂಚೆ ಮೆಟ್ಟಿಲಿಗೆ ಅಂಟಿಕೊಂಡಿತ್ತು. ಎಳೆದರೆ ಬಟ್ಟೆಯ ನೇಯ್ಗೆ ಬಣ್ಣದ ಮೇಲೆ ಅಚ್ಚಾಗಿತ್ತು, ಪಂಚೆಗೆ ಕೆಂಪು ಹತ್ತಿತ್ತು. ಅವರ ಅತ್ತೆಯ ಕಾಲದ ಪಂಚೆ ಅದು. ನನಗೆ ತುಂಬ ನೋವಾಯಿತು.

ಎನಾಮಲ್ ಕೈಗೆ ಒಣಗಿದಂತೆ ಕಾಣಲು ಒಂದು ದಿನ ಸಾಕು. ಭಾರ ಹೊರುವಷ್ಟು ಗಟ್ಟಿಯಾಗಲು ವಾರಗಳು ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಬೆರಳಿನಿಂದ ಮುಟ್ಟಿ ನೋಡಿದರೆ ಇದು ತಿಳಿಯುವುದಿಲ್ಲ. ಒಂದು ಮೂಲೆಯಲ್ಲಿ ಬಟ್ಟೆಯ ತುಂಡಿಟ್ಟು, ಮೇಲೆ ನೀರು ತುಂಬಿದ ಚೊಂಬು ಹೇರಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಟ್ಟೆ ತಾನಾಗಿ ಜಾರಿದರೆ ಕೊಡಬಹುದು. ಅಚ್ಚು ಬಿದ್ದರೆ ಇನ್ನೊಂದು ವಾರ ಬಿಟ್ಟು ಮತ್ತೆ ನೋಡಿ. ಕಪಾಟಿನ ಬಾಗಿಲು, ಡ್ರಾಯರಿನ ಅಂಚು ಅಂಟಿಕೊಳ್ಳುವುದೂ ಇದರಿಂದಲೇ. ಅವನ್ನು ಅಷ್ಟು ದಿನ ಸ್ವಲ್ಪ ತೆರೆದೇ ಇಡಿ.

ಗಣೇಶನ ಹಬ್ಬದಿಂದ ನವರಾತ್ರಿಯ ಮೊದಲ ದಿನಕ್ಕೆ ಸಾಮಾನ್ಯವಾಗಿ ಹೆಚ್ಚುಕಡಿಮೆ ನಾಲ್ಕು ವಾರ. ಬೊಂಬೆ ಮೆಟ್ಟಿಲಿಗೆ ಎನಾಮಲ್ ಬೇಕು ಅನ್ನುವವರ ಆರ್ಡರನ್ನು ನಾನು ಈಗ ಗಣೇಶನ ಹಬ್ಬದ ಒಳಗೆ ಮಾತ್ರ ಹಿಡಿಯುತ್ತೇನೆ. ಆಮೇಲೆ ಬಂದವರಿಗೆ ಅರಗಿನ ಪಾಲಿಶ್ ಮಾಡಿ ಕೊಡುತ್ತೇನೆ, ಇಲ್ಲವೇ ಬಣ್ಣ ಹೊಡೆಯದ ಮೆಟ್ಟಿಲನ್ನೇ ತೊಳೆದು ಒರೆಸಿ ಕಳಿಸುತ್ತೇನೆ.